ಅರವತ್ತೊಂದು ಹಟ್ಟಿಯ ಅಣ್ಣತಮ್ಮ

ಹುಲ್ಲಟ್ಟಿಯ ಸುಂದರ್ ಕೆಟ್ಟ ಮನುಷ್ಯನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಮುಂದೆ ಹೇಳಲು ಸಂದರ್ಭ ಸಿಗದೆ ಹೋಗಬಹುದು. ಅವನ ಹೆಂಡತಿ ನಂದಿನಿ ಹದಿನಾಲ್ಕು ವರ್ಷಗಳಿಂದ ದಿನಕ್ಕೊಮ್ಮೆ ಈ ಮಾತನ್ನು ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಕೆಲವು ದಿನ ಎರಡು ಸಲ ಹೇಳಿಕೊಳ್ಳಬೇಕಾಗುತ್ತಿತ್ತು.

ಸುಂದರ್ ಕೋತಗಿರಿ ಕಡೆಯ ಒಂದು ಟೀ ಫ್ಯಾಕ್ಟರಿಯಲ್ಲಿ ಎಲೆ ತೂಗುವ ಜಾಗದಲ್ಲಿ ಕೆಲಸಕ್ಕಿದ್ದ. ಅಲ್ಲಿಗೆ ಕಂಪ್ಯೂಟರ್ ಬಂದ ಮೇಲೆ ಆರು ತಿಂಗಳು ಭಾನುವಾರದ ತರಗತಿಗೆ ಹೋದ, ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕ ಕೊಂಡ, ಅದರ ಮೊದಲ ಐದು ಅಧ್ಯಾಯ ಓದಿದ, ಮತ್ತು ಆರನೆಯದನ್ನು ಓದುವ ಬದಲು ವಿಸಿಟಿಂಗ್ ಕಾರ್ಡ್ ಮಾಡಿಸಿದ. ‘ಎಚ್. ಸುಂದರ್, ವೆಬ್ ಡೆವಲಪರ್’. ನೂರು ಕಾರ್ಡ್. ಹುಲ್ಲಟ್ಟಿಯಲ್ಲಿ ಇರುವುದೇ ನಲವತ್ತು ಮನೆ. ಮಿಕ್ಕ ಅರವತ್ತು ಕಾರ್ಡನ್ನು ಯಾರಿಗೆ ಕೊಡುವುದೆಂಬ ಚಿಂತೆಯಲ್ಲೇ ವೆಬ್‌ಸೈಟಿನ ಯೋಚನೆ ಹುಟ್ಟಿತೆಂದು ನಂದಿನಿಯ ಬಲವಾದ ನಂಬಿಕೆ.

ಯೋಚನೆ ಕೆಟ್ಟದ್ದೇನಲ್ಲ. ಬೆಟ್ಟದ ಮೇಲೆ ಮದುವೆಯ ಮಾತು ಎತ್ತಿದರೆ ಮೊದಲ ಪ್ರಶ್ನೆ, ಯಾವ ಹಟ್ಟಿ, ಅಂದರೆ ಯಾವ ಊರು, ಎಂಬುದು. ಒಂದು ಹಟ್ಟಿಯ ಗಂಡು ಹೆಣ್ಣುಗಳೆಲ್ಲ ಅಣ್ಣತಂಗಿಯರು, ಅದರೊಳಗೆ ಮದುವೆಯಿಲ್ಲ. ಅಷ್ಟಕ್ಕೇ ಮುಗಿಯುವುದಿಲ್ಲ. ಪ್ರತಿ ಹಟ್ಟಿಗೂ ಅಣ್ಣತಮ್ಮನೆನಿಸಿದ ಬೇರೆ ಹಟ್ಟಿಗಳಿವೆ. ಅಲ್ಲಿಗೂ ಹೆಣ್ಣು ಕೊಡುವಂತಿಲ್ಲ, ಅಲ್ಲಿಂದ ತರುವಂತಿಲ್ಲ. ಇನ್ನು ಕೆಲವು ನಂಟರ ಹಟ್ಟಿಗಳು. ಹೆಣ್ಣು ಹೋಗುವುದು ಬರುವುದು ಅಲ್ಲಿಗೆ. ಇದನ್ನೆಲ್ಲ ಹಟ್ಟಿಗೊಬ್ಬಳು ಮುದುಕಿ ತಲೆಯಲ್ಲಿಟ್ಟುಕೊಂಡಿರುತ್ತಿದ್ದಳು. ಅಂಥ ಮುದುಕಿಯರು ಒಬ್ಬೊಬ್ಬರೇ ಹೋಗುತ್ತಿದ್ದರು. ಅವರ ತಲೆಯಲ್ಲಿದ್ದದ್ದನ್ನು ವೆಬ್‌ಸೈಟಿಗೆ ಇಳಿಸುವುದು ಸುಂದರನ ಯೋಚನೆ.

“ನೋಡು ನಂದಿನಿ,” ಎಂದು ಸುಂದರ್ ಊಟದ ತಟ್ಟೆಯ ಮುಂದೆ ಕುಳಿತು ವಿವರಿಸಿದ್ದ. “ಒಂದು ಹಟ್ಟಿಗೆ ಹಲವು ಹಟ್ಟಿ. ಆ ಹಲವಕ್ಕೂ ಮತ್ತೆ ಹಲವು. ಇದಕ್ಕೆ ಮೆನಿ ಟು ಮೆನಿ ಅಂತಾರೆ. ನಾನು ಒಂದು ಕಡೆ ಬರೆದರೆ ಸಾಕು, ಇನ್ನೊಂದು ಕಡೆ ವೆಬ್‌ಸೈಟಿನ ಒಳಗೆ ಸಿದ್ಧ ಪ್ರೋಗ್ರಾಂ ಇರುತ್ತಲ್ಲ, ಆ ಫ್ರೇಮ್‌ವರ್ಕ್ ತಾನೇ ಬರೆದುಕೊಳ್ಳುತ್ತೆ. ಹುಲ್ಲಟ್ಟಿ ಇನ್ನೊಂದು ಹಟ್ಟಿಗೆ ಅಣ್ಣ ಅಂತ ನಾನು ಹಾಕಿದೆ ಅಂದ್ಕೋ, ಆ ಹಟ್ಟಿ ಹುಲ್ಲಟ್ಟಿಗೆ ತಮ್ಮ ಅಂತ ಅದೇ ಹಾಕುತ್ತೆ.”

“ತಪ್ಪು ಹಾಕಿದರೆ?”

“ತಪ್ಪು ಯಾಕೆ ಹಾಕ್ತೀನಿ?”

“ಸಾರು ಆರುತ್ತಿದೆ,” ಎಂದಳು ನಂದಿನಿ.

ಹಟ್ಟಿಹಟ್ಟಿಯ ಯುವಕ ಸಂಘಗಳಿಗೆ ನಮೂನೆ ಕಳಿಸಿ ಅರವತ್ತೆರಡು ಹಟ್ಟಿಗಳ ವಿವರ ತರಿಸಿದ. ಅದನ್ನೆಲ್ಲ ಒಂದು ಕಡತದಲ್ಲಿ ಟೈಪ್ ಮಾಡಿ ಒಂದೇ ಏಟಿಗೆ ಡೇಟಾಬೇಸಿಗೆ ಸುರಿದ. ಸುರಿದಾದ ಮೇಲೆ ಕಾಗದ ಯಾಕೆಂದು ನಮೂನೆಗಳನ್ನು ನೀರೊಲೆಗೆ ಹಾಕಿದ. ಆ ನೀರಿನಲ್ಲಿ ನಂದಿನಿಯೂ ಸ್ನಾನ ಮಾಡಿದ್ದಳು. ಕಡತವಿದ್ದ ಹಳೆಯ ಕಂಪ್ಯೂಟರನ್ನು ಒರೆಸಿ ಶುಚಿಮಾಡಿ, ಒಳಗಿದ್ದದ್ದನ್ನೂ ಒರೆಸಿ ಶುಚಿಮಾಡಿ, ಶಾಲೆಗೆ ದಾನ ಕೊಟ್ಟ.

2008ರ ಮಾರ್ಚಿನಲ್ಲಿ ಸಮುದಾಯ ಭವನದಲ್ಲಿ ವೆಬ್‌ಸೈಟಿನ ಉದ್ಘಾಟನೆಯಾಯಿತು. ಸುಂದರ್ ಮೈಕಿನ ಮುಂದೆ ನಿಂತು ಹೇಳಿದ, “ಮನುಷ್ಯ ಮರೆಯುತ್ತಾನೆ. ಯಂತ್ರ ಮರೆಯುವುದಿಲ್ಲ. ಯಾವ ಹಟ್ಟಿ ಯಾರಿಗೆ ಏನು ಅಂತ ಇನ್ನು ಮೇಲೆ ಮುದುಕಿಯರನ್ನು ಎಬ್ಬಿಸಿ ಕೇಳಬೇಕಾಗಿಲ್ಲ.”

ಮುಂದಿನ ಸಾಲಿನಲ್ಲಿ ಬೆಟ್ಟದ ಹೆಂಗಸರುಡುವ ಬಿಳಿ ಮುಂಡು ಸುತ್ತಿಕೊಂಡು ಕುಳಿತಿದ್ದವಳು ನಂದಿನಿಯ ಹೆತ್ತೆ, ಅಂದರೆ ತಂದೆಯ ತಾಯಿ, ಹೆಸರು ಹಾಲಿ. ಎಂಬತ್ತಾರು ವರ್ಷ. “ನಾನು ಎದ್ದೇ ಇದ್ದೇನೆ ಮಗ,” ಎಂದಳು. ಮೈಕ್ ಇಲ್ಲದೆಯೂ ಅದು ಭವನದ ಹಿಂದಿನ ಸಾಲಿಗೆ ಕೇಳಿಸಿತು.

ಇಷ್ಟಾಗಿ ಎಂಟು ತಿಂಗಳು ಯಾರಿಗೂ ಏನೂ ಆಗಲಿಲ್ಲ. ಆಮೇಲೆ ನಂದಿನಿಯ ತಂಗಿ ಕವಿತಾಳ ಮದುವೆ ಗೊತ್ತಾಯಿತು.

ನಂದಿನಿ, ಕವಿತಾರ ತವರು ಕಗ್ಗೊರೆ. ಹುಡುಗ ಸಂತೋಷ, ನೇರಳಟ್ಟಿಯವನು. ಎರಡೂ ಹಟ್ಟಿಯ ನಡುವೆ ಎರಡು ತಲೆಮಾರಿನಿಂದ ಮದುವೆ ನಡೆದಿರಲಿಲ್ಲ, ಆದರೆ ಹಿರಿಯರು ಕುಳಿತು ನಂಟೇ ಇರಬೇಕು ಎಂದು ತಲೆದೂಗಿದ್ದರು. ಬರುವ ಭಾನುವಾರ ಮದುವೆ. ಹಿಂದಿನ ಭಾನುವಾರ ಸಂಜೆ ಸುಂದರನಿಗೆ ನಾದಿನಿಯ ಮೇಲೆ ಪ್ರೀತಿ ಉಕ್ಕಿತು. ಇವರಿಬ್ಬರ ಹಟ್ಟಿ ನಂಟರ ಪಟ್ಟಿಯಲ್ಲಿ ಇಲ್ಲವಲ್ಲ, ಅದನ್ನು ಸೇರಿಸಿ ಮದುವೆಗೆ ಉಡುಗೊರೆ ಕೊಡೋಣ ಎಂದುಕೊಂಡು, ನೇರಳಟ್ಟಿಯ ದಾಖಲೆಯನ್ನು ತೆರೆದು, ಕಗ್ಗೊರೆಯ ಮೇಲೆ ಒತ್ತಿ, ಉಳಿಸಿದ.

ಪರದೆಯ ಮೇಲೆ ಅಕ್ಕಪಕ್ಕ ಎರಡು ಪೆಟ್ಟಿಗೆ. ಎಡಗಡೆಯದು ಅಣ್ಣತಮ್ಮ ಹಟ್ಟಿ, ಬಲಗಡೆಯದು ನಂಟರ ಹಟ್ಟಿ. ಎರಡರಲ್ಲೂ ಅದೇ ಅರವತ್ತೆರಡು ಹೆಸರು. ಸುಂದರ್ ಒತ್ತಿದ್ದು ಎಡಗಡೆಯದರಲ್ಲಿ.

ಸೋಮವಾರ ಬೆಳಗ್ಗೆ ಎಂಟಕ್ಕೆ ಫೋನ್ ಬಂತು. ಆ ಕಡೆಯಿಂದ ಯಾರೋ ಎರಡು ಸಲ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲೇ ನಂದಿನಿಗೆ ಗೊತ್ತಾಯಿತು, ಅದು ಜಯರಾಮನ್. ಹುಡುಗನ ದೊಡ್ಡಪ್ಪ. ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯೊಂದರ ದಾಖಲೆ ಕೊಠಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬಾಯಿಮಾತನ್ನು ಅವರು ಗಾಳಿಗೆ ಸಮ ಎಂದು ತಿಳಿದಿದ್ದರು. ಅದೇ ಮಾತು ಅಚ್ಚಾಗಿ ಬಂದರೆ ಎದ್ದು ನಿಂತು ಓದುತ್ತಿದ್ದರು.

“ನಂದಿನಿಯಮ್ಮ, ಲಗ್ನಪತ್ರಿಕೆಗೆ ಲಗತ್ತಿಸೋಣ ಅಂತ ನಿಮ್ಮ ಯಜಮಾನರ ವೆಬ್‌ಸೈಟಿನಿಂದ ನೇರಳಟ್ಟಿಯ ಪುಟ ಪ್ರಿಂಟ್ ತೆಗೆಸಿದೆ. ಅಣ್ಣತಮ್ಮ ಹಟ್ಟಿ ಅನ್ನೋ ಜಾಗದಲ್ಲಿ ಒಂದೇ ಒಂದು ಹೆಸರಿದೆ. ಕಗ್ಗೊರೆ.”

“ಅದು ತಪ್ಪಿರಬೇಕು ಮಾಮ.”

“ನಾನೂ ಹಾಗೇ ಅಂದುಕೊಂಡೆ. ಅದಕ್ಕೆ ಕಗ್ಗೊರೆಯ ಪುಟವನ್ನೂ ತೆಗೆಸಿದೆ. ಅಲ್ಲಿ ನೇರಳಟ್ಟಿ ಅಂತಿದೆ. ಎರಡು ಬೇರೆ ಬೇರೆ ಪುಟ ಒಂದೇ ಸಾಕ್ಷಿ ಹೇಳ್ತಾ ಇವೆ. ಇನ್ನು ನಾನು ಏನು ಮಾಡಲಿ, ನೀವೇ ಹೇಳಿ.”

ನಂದಿನಿ ಗಂಡನ ಕಡೆ ನೋಡಿದಳು. ಸುಂದರ್ ಇಡ್ಲಿಯನ್ನು ಬಾಯಿಗೆ ಅರ್ಧ ಒಯ್ದು ನಿಲ್ಲಿಸಿದ್ದ.

ಇಲ್ಲಿ ಅವನು ‘ನನ್ನ ಕೈತಪ್ಪು’ ಎಂದು ಫೋನಿನಲ್ಲಿ ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮೈಕಿನ ಮುಂದೆ ಯಂತ್ರ ಮರೆಯುವುದಿಲ್ಲ ಎಂದವನು, ಜೇಬಿನಲ್ಲಿ ಇನ್ನೂ ಮೂವತ್ತೆಂಟು ಕಾರ್ಡ್ ಉಳಿಸಿಕೊಂಡವನು, ಹಾಗೆಲ್ಲ ಹೇಳುವುದುಂಟೇ. ಫೋನ್ ಇಸಕೊಂಡು, “ಸರ್ವರಿನಲ್ಲಿ ಸಣ್ಣ ತೊಂದರೆ ಮಾಮ. ಸಂಜೆಯೊಳಗೆ ಸರಿಮಾಡ್ತೀನಿ,” ಎಂದ.

“ಸರಿಮಾಡೋದು ಅಂದರೆ? ದಾಖಲೆ ತಿದ್ದುತ್ತೀಯಾ?” ಜಯರಾಮನ್ ಅವರ ದನಿ ಗಟ್ಟಿಯಾಯಿತು. “ಮದುವೆಗೆ ಅಡ್ಡಿಯಾಯ್ತು ಅಂತ ದಾಖಲೆ ತಿದ್ದೋದು ಯಾವ ನ್ಯಾಯ ಸುಂದರ್?”

ಸಂಜೆ ಸುಂದರ್ ಕಗ್ಗೊರೆಯ ದಾಖಲೆ ತೆರೆದ. ಎಡಗಡೆಯ ಪೆಟ್ಟಿಗೆಯಲ್ಲಿ ಕಗ್ಗೊರೆಯ ಒಂಬತ್ತು ಅಣ್ಣತಮ್ಮ ಹಟ್ಟಿಗಳು ನೀಲಿಯಾಗಿ ಹೊಳೆಯುತ್ತಿದ್ದವು. ಹತ್ತನೆಯದಾಗಿ ಕರೆಯದೆ ಬಂದ ನೇರಳಟ್ಟಿ. ಅದನ್ನು ತೆಗೆಯಬೇಕೆಂದು ಅದರ ಮೇಲೇ ಒತ್ತಿದ. ಉಳಿದ ಒಂಬತ್ತೂ ಆರಿಹೋಗಿ ನೇರಳಟ್ಟಿ ಒಂದೇ ನೀಲಿಯಾಗಿ ಉಳಿಯಿತು. ಅವನು ಅದನ್ನು ನೋಡಲಿಲ್ಲ, ಯಾಕೆಂದರೆ ಆಗಲೇ ನಂದಿನಿಗೆ, “ಆಯ್ತು, ಮುಗೀತು, ಇಷ್ಟಕ್ಕೆ ನೀನು ಊಟ ಬಿಟ್ಟಿದ್ದೀಯಾ,” ಎನ್ನುತ್ತ ಹಿಂದೆ ತಿರುಗಿದ್ದ. ತಿರುಗಿದವನು ಹಾಗೇ ಉಳಿಸು ಒತ್ತಿದ.

ಮಂಗಳವಾರ ಬೆಳಗ್ಗೆ ಎಂಟಕ್ಕೆ ಫೋನ್. ಗಂಟಲು ಎರಡು ಸಲ.

“ನಿನ್ನೆ ನಮಗೆ ಕಗ್ಗೊರೆ ಒಂದೇ, ಆದರೆ ಕಗ್ಗೊರೆಗೆ ಹತ್ತು ಜನ ಇದ್ದರು. ಇವತ್ತು ನೋಡಿದರೆ ಕಗ್ಗೊರೆಗೂ ನಾವೊಬ್ಬರೇ. ಅಲ್ಲಮ್ಮ, ಸಂಬಂಧ ನಿನ್ನೆಗಿಂತ ಇವತ್ತು ಗಟ್ಟಿಯಾಗಿದೆ.”

ಅವರು ಫೋನ್ ಇಟ್ಟ ಹತ್ತು ನಿಮಿಷಕ್ಕೆ ಕಗ್ಗೊರೆಯ ಊರ ಗೌಡ ಬೋಜನ್ ಬಸ್ಸಿಳಿದು ಬಂದರು. ತಲೆಗೆ ಬಿಳಿ ಮುಂಡಾಸು, ಕೈಯಲ್ಲಿ ಛತ್ರಿ, ಮುಖದಲ್ಲಿ ಸಾವಿನ ಮನೆಗೆ ಬಂದ ಗಾಂಭೀರ್ಯ.

“ಮಾಪಿಳ್ಳೆ,” ಎಂದರು ಸುಂದರನಿಗೆ. ಹಟ್ಟಿಯ ಅಳಿಯನಾದ್ದರಿಂದ ಬೈಯುವಾಗಲೂ ಮರ್ಯಾದೆ ಬಿಡುವಂತಿರಲಿಲ್ಲ. “ನಮ್ಮ ಒಂಬತ್ತು ಅಣ್ಣತಮ್ಮಂದಿರು ಎಲ್ಲಿ ಹೋದರು?”

“ಎಲ್ಲಿಗೂ ಹೋಗಿಲ್ಲ ಮಾಮ, ಪುಟದಲ್ಲಿ ಮಾತ್ರ—”

“ಪುಟದಲ್ಲಿ ಇಲ್ಲ ಅಂದಮೇಲೆ ನಾಳೆ ನಮ್ಮಲ್ಲಿ ಒಂದು ಸಾವಾದರೆ ಹೊರೋದಕ್ಕೆ ಯಾರು ಬರ್ತಾರೆ? ನಮ್ಮ ಯುವಕ ಸಂಘದವರು ಸುದ್ದಿ ಕಳಿಸೋದೇ ಈಗ ನಿಮ್ಮ ಪುಟ ನೋಡಿಕೊಂಡು. ನಮ್ಮ ಹಟ್ಟಿಯಲ್ಲಿ ತೊಂಬತ್ತು ದಾಟಿದವರು ಮೂರು ಜನ ಇದ್ದಾರೆ. ಈ ವಾರ ಯಾರೂ ಅವಸರ ಮಾಡಬೇಡಿ ಅಂತ ನಾನು ಅವರಿಗೆ ಹೋಗಿ ಹೇಳಲಾ?”

ನಂದಿನಿ ಟೀ ತಂದಿಟ್ಟು, ಮೆಲ್ಲನೆ ಕೇಳಿದಳು. “ಹೆತ್ತೆಗೆ ಗೊತ್ತಾಯ್ತಾ ಮಾಮ?”

“ಹಾಲಿಯಕ್ಕನಿಗೆ ಹೇಳೋ ಧೈರ್ಯ ಯಾರಿಗಿದೆ.”

ಅದೊಂದೇ ಸಮಾಧಾನ. ಅಳಿಯನ ವೆಬ್‌ಸೈಟಿನಿಂದ ಮೊಮ್ಮಗಳ ಮದುವೆ ಅಲುಗಾಡುತ್ತಿದೆಯೆಂದು ಹೆತ್ತೆಗೆ ತಿಳಿದರೆ, ಮದುವೆ ಉಳಿದರೂ ಸುಂದರ್ ಉಳಿಯುವುದು ಕಷ್ಟವಿತ್ತು. ಕವಿತಾ ಮಾತ್ರ ಫೋನ್ ಮಾಡಿ ಒಂದೇ ಮಾತು ಕೇಳಿದಳು, “ಅಕ್ಕ, ನಾನು ಕೈಗೆ ಮದರಂಗಿ ಹಾಕಿಸಿಕೊಳ್ಳಲಾ, ಬೇಡವಾ?” ನಂದಿನಿ ಉತ್ತರ ಹುಡುಕುವಷ್ಟರಲ್ಲಿ ಆ ಕಡೆ ಅಳು ಕೇಳಿಸಿತು, ಫೋನ್ ಕಡಿಯಿತು.

ಬುಧವಾರ ಸುಂದರ್ ಫ್ಯಾಕ್ಟರಿಗೆ ರಜೆ ಹಾಕಿದ. ನಂದಿನಿ ಶಾಲೆಯ ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತು, “ಏನು ಮಾಡ್ತೀರಿ ಅಂತ ನನಗೆ ಮೊದಲು ಹೇಳಿ, ಆಮೇಲೆ ಮಾಡಿ,” ಎಂದಳು.

“ಉಪಾಯ ಹೊಳೆದಿದೆ. ಮೊದಲು ಕಗ್ಗೊರೆಗೆ ಎಲ್ಲರನ್ನೂ ಸೇರಿಸಿಬಿಡ್ತೀನಿ. ಯಾರೂ ಬಿಟ್ಟುಹೋಗಬಾರದು ನೋಡು. ಆಮೇಲೆ ಬೇಡದವರನ್ನ ಒಬ್ಬೊಬ್ಬರಾಗಿ ತೆಗೀತೀನಿ.”

“ಬೇಡ.”

“ಯಾಕೆ?”

“ಯಾಕೆ ಅಂತ ನನಗೆ ಗೊತ್ತಿಲ್ಲ. ಬೇಡ.”

ಕಾರಣ ಹೇಳಲಾಗದ ಹೆಂಗಸಿನ ಮಾತನ್ನು ವೆಬ್ ಡೆವಲಪರ್ ಆದವನು ಕೇಳಲಾಗದು. ಅವಳು ತಿರುವು ದಾಟಿದ ಮೇಲೆ, ಮೇಲಿನ ಹೆಸರಿನಿಂದ ಕೆಳಗಿನ ಹೆಸರಿನವರೆಗೆ ಮೌಸ್ ಎಳೆದ. ಪೆಟ್ಟಿಗೆ ಪೂರ್ತಿ ನೀಲಿಯಾಯಿತು. ಉಳಿಸಿದ. ಒಬ್ಬೊಬ್ಬರನ್ನೇ ತೆಗೆಯಲು ಕೈಬೆರಳ ನೆಟಿಗೆ ಮುರಿದುಕೊಳ್ಳುತ್ತಿದ್ದಾಗ ಕರೆಂಟ್ ಹೋಯಿತು.

ಆ ವರ್ಷ ಕರೆಂಟ್ ಹೋದರೆ ಬರುವುದಕ್ಕೆ ಅದರದೇ ಸಮಯವಿತ್ತು. ಹುಲ್ಲಟ್ಟಿಯಲ್ಲಿ ಮಾತ್ರ ಕತ್ತಲೆ. ವೆಬ್‌ಸೈಟ್ ಇದ್ದದ್ದು ಎಲ್ಲೋ ದೂರದ ಸರ್ವರಿನಲ್ಲಿ, ಅಲ್ಲಿ ಎಲ್ಲವೂ ಬೆಳಗುತ್ತಿತ್ತು. ಇಡೀ ಮಧ್ಯಾಹ್ನ ಕಗ್ಗೊರೆ ಅರವತ್ತೊಂದು ಹಟ್ಟಿಗೂ ಅಣ್ಣತಮ್ಮನಾಗಿ ಲೋಕಕ್ಕೆಲ್ಲ ಕಾಣುತ್ತ ನಿಂತಿತು. ಫ್ರೇಮ್‌ವರ್ಕ್ ತನ್ನ ಧರ್ಮಕ್ಕೆ ತಕ್ಕಂತೆ ಆ ಅರವತ್ತೊಂದು ಪುಟಗಳಲ್ಲೂ ಕಗ್ಗೊರೆಯ ಹೆಸರನ್ನು ಅಚ್ಚುಕಟ್ಟಾಗಿ ಬರೆದಿಟ್ಟಿತ್ತು. ಅಂದರೆ ಕಗ್ಗೊರೆಯ ಹೆಣ್ಣುಮಕ್ಕಳು ಬೆಟ್ಟದ ಮೇಲೆ ಎಲ್ಲಿಗೂ ಮದುವೆಯಾಗಿ ಹೋಗುವಂತಿರಲಿಲ್ಲ. ಈಗಾಗಲೇ ಹೋದವರ ಗತಿ ಇನ್ನೂ ಕಷ್ಟದ್ದು.

ಶಾಲೆಯಿಂದ ಬರುತ್ತಿದ್ದ ನಂದಿನಿಯನ್ನು ಪಕ್ಕದ ಮನೆಯ ಈಶ್ವರಿ ಬೇಲಿಯ ಬಳಿ ಹಿಡಿದಳು. ಈಶ್ವರಿಯೂ ಕಗ್ಗೊರೆಯ ಮಗಳೇ. ಹುಲ್ಲಟ್ಟಿಗೆ ಬಂದು ಇಪ್ಪತ್ತು ವರ್ಷವಾಗಿತ್ತು.

“ನಂದಿನಿ, ನನ್ನ ಗಂಡ ಈಗ ನನಗೆ ಅಣ್ಣನೋ ತಮ್ಮನೋ?”

“ಏನಕ್ಕ ಇದು.”

“ಟೀ ಅಂಗಡಿಯಲ್ಲಿ ಅದೇ ಮಾತು. ನಮ್ಮವರು ನಗ್ತಾ ಬಂದು, ಇವತ್ತಿಂದ ನಿನ್ನ ಕೈ ಅಡುಗೆ ಚೆನ್ನಾಗಿಲ್ಲ ಅಂತ ಹೇಳೋ ಹಕ್ಕು ನನಗಿಲ್ಲ, ತಂಗಿ ಮನೆ ಊಟ, ಹಾಕಿದ್ದು ತಿನ್ನಬೇಕು ಅಂದರು. ನನಗೇನೋ ಅದು ಒಳ್ಳೇದೇ. ಆದರೆ ನೇರಳಟ್ಟಿಯವರು ನಗ್ತಾ ಇಲ್ಲವಂತೆ.” ಈಶ್ವರಿ ದನಿ ತಗ್ಗಿಸಿದಳು. “ನಾನು ಹಾಲಿ ಹೆತ್ತೆಗೆ ಫೋನ್ ಮಾಡಿ ಹೇಳಿಬಿಟ್ಟೆ. ಬೈಬೇಡ. ಯಾರಾದರೂ ಹೇಳಲೇಬೇಕಿತ್ತು.”

ನಂದಿನಿ ಮನೆಯೊಳಗೆ ಬಂದಳು. ಸುಂದರ್ ಆರಿದ ಪರದೆಯ ಮುಂದೆ ಕೈಕಟ್ಟಿ ಕುಳಿತಿದ್ದ.

“ನಾವೂ ಅಣ್ಣತಂಗಿ ಆಗಿದ್ದೀವಿ,” ಎಂದಳು. “ನಿಮಗೆ ಗೊತ್ತಾಯ್ತಾ?”

“ಕರೆಂಟ್ ಬಂದ ಕೂಡಲೇ ಗಂಡಹೆಂಡತಿ ಮಾಡ್ತೀನಿ,” ಎಂದ ಸುಂದರ್. ಅದು ತಮಾಷೆಯೋ ನಿಜವೋ ಅವನಿಗೇ ಗೊತ್ತಿದ್ದಂತಿರಲಿಲ್ಲ.

ಕರೆಂಟ್ ಬಂದದ್ದು ಮರುದಿನ ಬೆಳಗ್ಗೆಯೇ. ಗುರುವಾರ ನಂದಿನಿಯೂ ರಜೆ ಹಾಕಿದಳು. ಬೆಳಗ್ಗೆ ಒಂಬತ್ತಕ್ಕೇ ಜಯರಾಮನ್ ಬಂದರು, ಕಂಕುಳಲ್ಲಿ ಫೈಲು. ಅದರಲ್ಲಿ ಸೋಮವಾರ, ಮಂಗಳವಾರ, ಬುಧವಾರದ ಪ್ರಿಂಟುಗಳು ತಾರೀಕು ಬರೆಸಿಕೊಂಡು, ಮೂಲೆಗೆ ದಾರ ಕಟ್ಟಿಸಿಕೊಂಡು ಮಲಗಿದ್ದವು.

“ನಾನು ಹಟಮಾರಿಯಲ್ಲ,” ಎಂದರು, ಗಂಟಲು ಎರಡು ಸಲ ಸರಿಮಾಡಿಕೊಂಡು. “ಹುಡುಗ ಹುಡುಗಿ ಒಪ್ಪಿದ್ದಾರೆ, ನನಗೂ ಸಂತೋಷ. ಆದರೆ ಮೂರು ದಿನ ಮೂರು ತರ ಹೇಳೋ ದಾಖಲೆಯಲ್ಲಿ ಮೂರು ದಿನವೂ ಬದಲಾಗದೆ ಇರೋದು ಒಂದೇ ಸಂಗತಿ. ಕಗ್ಗೊರೆ ನಮಗೆ ಅಣ್ಣತಮ್ಮ. ಇವತ್ತು ಸಂಜೆಯೊಳಗೆ ಆಧಾರದ ಸಮೇತ ಸರಿಯಾದ ಪ್ರಿಂಟ್ ನನ್ನ ಕೈಗೆ ಬರಬೇಕು. ಬರದಿದ್ದರೆ ಭಾನುವಾರಕ್ಕೆ ನಾವು ಹೊರಡೋದಿಲ್ಲ.”

ಒಂಬತ್ತೂವರೆಯ ಬಸ್ಸಿನಿಂದ ಹಾಲಿ ಹೆತ್ತೆ ಇಳಿದಳು. ಜೊತೆಗೆ ಬೋಜ ಗೌಡರು, ಒಂದು ಹೆಜ್ಜೆ ಹಿಂದೆ. ಒಳಗೆ ಬಂದು, ಎಲ್ಲರೂ ತಲೆ ಬಾಗಿಸಿದ ಮೇಲೆ ಒಬ್ಬೊಬ್ಬರ ತಲೆ ಮುಟ್ಟಿ ಹರಸಿದಳು. ಸುಂದರನ ತಲೆಯ ಮೇಲೆ ಕೈ ಸ್ವಲ್ಪ ಜಾಸ್ತಿ ಹೊತ್ತು ಇತ್ತು, ಸ್ವಲ್ಪ ಜಾಸ್ತಿ ಭಾರವಾಗಿತ್ತು.

“ಎದ್ದು ಬಂದಿದ್ದೇನೆ ಮಗ,” ಎಂದಳು. “ಕೇಳು.”

ಆದರೆ ಕೇಳಿ ಬರೆಯುವುದು ಹೇಗೆ. ಸುಂದರ್ ಒಂದು ಹಟ್ಟಿ ಒತ್ತಿದರೆ ಹಿಂದಿನದು ಆರುತ್ತಿತ್ತು. ನೆಟ್ಟಗೆ ಕುಳಿತು ಒತ್ತಿದ, ಮೆಲ್ಲಗೆ ಒತ್ತಿದ, ಸಿಟ್ಟಿನಿಂದ ಒತ್ತಿದ. ಪ್ರತಿ ಸಲವೂ ಒಂದೇ ಹೆಸರು ಉಳಿಯುತ್ತಿತ್ತು. “ಫ್ರೇಮ್‌ವರ್ಕಿನಲ್ಲೇ ದೋಷ ಇದೆ,” ಎಂದು ಕೊನೆಗೆ ತೀರ್ಪು ಕೊಟ್ಟ.

ನಂದಿನಿ ಮಾತ್ರೆಯ ಪಟ್ಟಿಯ ಹಿಂದಿನ ಅಕ್ಷರವನ್ನೂ ಬಿಡದೆ ಓದುವವಳು. ಗಂಡನ ಹೆಗಲ ಮೇಲಿಂದ ಬಗ್ಗಿ ಪರದೆಯನ್ನು ಮೇಲಿಂದ ಕೆಳಗೆ ಓದಿದಳು. ಪೆಟ್ಟಿಗೆಯ ಅಡಿಯಲ್ಲಿ ಬೂದುಬಣ್ಣದ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನ ಒಂದು ಸಾಲಿತ್ತು.

“ಇಲ್ಲಿ ಏನೋ ಬರೆದಿದೆ. ಒಂದಕ್ಕಿಂತ ಹೆಚ್ಚು ಆರಿಸಬೇಕಾದರೆ ಕಂಟ್ರೋಲ್ ಕೀ ಒತ್ತಿ ಹಿಡಿದಿರಿ ಅಂತ.”

“ಎಲ್ಲಿ?”

“ಇಲ್ಲಿ. ಎಂಟು ತಿಂಗಳಿಂದ ಇಲ್ಲೇ ಇದ್ದಿರಬೇಕು.”

ಸುಂದರ್ ಬಹಳ ಹೊತ್ತು ಆ ಸಾಲನ್ನು ನೋಡಿದ. ಜಯರಾಮನ್ ಫೈಲಿನಿಂದ ಪೆನ್ ತೆಗೆದು ಏನನ್ನೋ ಗುರುತು ಹಾಕಿಕೊಂಡರು.

ನಂದಿನಿ ಸ್ಟೂಲ್ ಎಳೆದು ಕುಳಿತು, ಎಡಗೈ ಕಿರುಬೆರಳಿನಿಂದ ಕಂಟ್ರೋಲ್ ಕೀ ಒತ್ತಿದಳು. ಹಿಡಿದಿರಿ ಎಂದು ಬರೆದಿದ್ದ ಮೇಲೆ ಹಿಡಿ ಬಿಡುವ ಪ್ರಶ್ನೆಯೇ ಇರಲಿಲ್ಲ. ಬಿಟ್ಟರೆ ಯಾರ ನಂಟು ಯಾರಿಗೆ ಹೋಗುತ್ತದೆಯೋ. ಮೊದಲು ನೇರಳಟ್ಟಿ. ಹಾಲಿ ಹೆತ್ತೆ ಹೇಳುತ್ತ ಹೋದಳು, ಸುಂದರ್ ಒತ್ತುತ್ತ ಹೋದ. ಹೆತ್ತೆ ಬರೀ ಹೆಸರು ಹೇಳುವವಳಲ್ಲ. ಯಾವ ಹಟ್ಟಿ ಯಾಕೆ ಅಣ್ಣತಮ್ಮ, ಅವರ ಹಿರಿಯ ಎಮ್ಮೆ ಹುಡುಕಿಕೊಂಡು ಯಾವ ಗುಡ್ಡ ಇಳಿದು ಹೋಗಿ ಅಲ್ಲೇ ಉಳಿದ, ಆ ಎಮ್ಮೆ ಆಮೇಲೆ ಸಿಕ್ಕಿತೋ ಇಲ್ಲವೋ, ಎಲ್ಲವನ್ನೂ ಹೇಳಿಯೇ ಮುಂದಿನ ಹೆಸರಿಗೆ ಬರುತ್ತಿದ್ದಳು. ಏಳು ಹಟ್ಟಿಗೆ ಒಂದು ಗಂಟೆ ಹಿಡಿಯಿತು. ಉಳಿಸಿದರು. ಆಮೇಲೆ ಕಗ್ಗೊರೆ. ನಿನ್ನೆಯ ನೀಲಿಯೆಲ್ಲ ಆರಿದ ಮೇಲೆ ಅದರ ಒಂಬತ್ತು ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ನೀಲಿಯಾಗಿ ಮರಳಿ ಬಂದರು. ಒಂಬತ್ತನೆಯವನು ಬಂದಾಗ ಬೋಜ ಗೌಡರು ಮುಂಡಾಸು ತೆಗೆದು ಮುಖ ಒರೆಸಿಕೊಂಡರು.

ನಂದಿನಿಯ ಬೆರಳು ಮೊದಲು ನೊಂದಿತು, ಆಮೇಲೆ ಜೋಮು ಹಿಡಿಯಿತು, ಆಮೇಲೆ ಅದು ಅವಳದೇ ಎಂಬುದು ಮರೆತುಹೋಯಿತು. ಮೂಗು ತುರಿಸಿತು. ಈಶ್ವರಿ ಬಂದು ಟೀ ಕುಡಿಸಿದಳು. ಗಡಿಯಾರದಲ್ಲಿ ಹನ್ನೊಂದು ಐವತ್ತು. ಹನ್ನೆರಡಕ್ಕೆ ಕರೆಂಟ್ ಹೋಗುವ ಹೊತ್ತು. ಉಳಿಸದೆ ಹೋದರೆ ಕಗ್ಗೊರೆಯ ಅಣ್ಣತಮ್ಮಂದಿರು, ನೇರಳಟ್ಟಿ ಕಳೆದು, ಮತ್ತೆ ಅರವತ್ತು.

“ಈಗ ಬಲಗಡೆ ಪೆಟ್ಟಿಗೆ. ನಂಟರು,” ಎಂದ ಸುಂದರ್. “ಕಗ್ಗೊರೆಗೆ ನೇರಳಟ್ಟಿ. ಇದೊಂದು ಒತ್ತಿ ಉಳಿಸಿಬಿಡ್ತೀನಿ.”

“ನಿಲ್ಲಿ,” ಎಂದರು ಜಯರಾಮನ್. “ಎಡಗಡೆಯಿಂದ ತೆಗೆದಿರಿ, ಒಪ್ಪಿದೆ. ಬಲಗಡೆ ಹಾಕೋದಕ್ಕೆ ಆಧಾರ ಏನು? ನಮ್ಮ ಸಂಘದವರು ತುಂಬಿ ಕಳಿಸಿದ್ದ ನಮೂನೆಯಲ್ಲೂ ಅದು ಇರಲಿಲ್ಲ.”

“ಮಾಮ, ಹತ್ತು ನಿಮಿಷದಲ್ಲಿ ಕರೆಂಟ್ ಹೋಗುತ್ತೆ.”

“ಕರೆಂಟಿಗೋಸ್ಕರ ದಾಖಲೆ ಬರೆಯೋದಕ್ಕಾಗುತ್ತಾ ಸುಂದರ್?”

ಹಾಲಿ ಹೆತ್ತೆ ಸುಂದರನ ಕಡೆ ತಿರುಗಿದಳು. “ಮಗ, ನಿನ್ನ ಈ ಪೆಟ್ಟಿಗೆಯೊಳಗೆ, ಹಟ್ಟಿಗೂ ಹಟ್ಟಿಗೂ ನಡುವೆ ಏನು ಬರೆದಿಟ್ಟಿದ್ದೀಯ?”

“ನಡುವೆ ಇನ್ನೊಂದು ಪಟ್ಟಿ ಇರುತ್ತೆ ಹೆತ್ತೆ. ಅದರಲ್ಲಿ ಎರಡೇ ನಂಬರ್. ಕಗ್ಗೊರೆ ಹದಿನಾಲ್ಕು, ನೇರಳಟ್ಟಿ ಮೂವತ್ತೇಳು. ಹದಿನಾಲ್ಕು, ಮೂವತ್ತೇಳು. ಅಷ್ಟೇ.”

“ಹದಿನಾಲ್ಕರಿಂದ ಮೂವತ್ತೇಳಕ್ಕೆ ನಡೆದುಕೊಂಡು ಹೋದವಳ ಹೆಸರು?”

ಸುಂದರ್ ಪರದೆಯತ್ತ ನೋಡಿದ. “ಅದಕ್ಕೆ ಜಾಗ ಇಟ್ಟಿಲ್ಲ ಹೆತ್ತೆ.”

“ಜಾಗ ಇಟ್ಟಿಲ್ಲ,” ಎಂದು ಹಾಲಿ ಮೆಲ್ಲಗೆ ಅಂದಳು. ಆಮೇಲೆ ಜಯರಾಮನ್ ಕಡೆಗೆ ನೋಡಿದಳು. “ನಿನ್ನ ಅಪ್ಪನ ತಾಯಿಯ ಹೆಸರೇನು?”

“ಕೆಂಪಿ. ನಾನು ಹುಟ್ಟೋ ಮೊದಲೇ ಹೋದರು.”

“ಯಾವ ಹಟ್ಟಿಯಿಂದ ಬಂದವಳು?”

ಮೂವತ್ತನಾಲ್ಕು ವರ್ಷ ದಾಖಲೆ ಕಾದ ಮನುಷ್ಯ ಫೈಲಿನ ಕಡೆ ನೋಡಿದರು, ಅದರಲ್ಲಿ ಉತ್ತರ ಇರಬಹುದು ಎಂಬಂತೆ. “ಅದು... ಎಲ್ಲೂ ಬರೆದಿಲ್ಲ.”

“ನಾನು ಮದುವೆಯಾಗಿ ಕಗ್ಗೊರೆಗೆ ಬಂದ ಎಂಟನೇ ದಿನ ನೇರಳಟ್ಟಿಯಿಂದ ಒಬ್ಬಳು ಬಂದಳು. ನನ್ನ ಗಂಡನ ಸೋದರತ್ತೆ, ಕೆಂಪಿ. ಕಗ್ಗೊರೆಯ ಮಗಳು, ನಿಮ್ಮ ಹಟ್ಟಿಯ ಸೊಸೆ. ನಾನು ಮಾಡಿದ ಅವರೆ ಸಾರು ಒಂದು ತುತ್ತು ಬಾಯಿಗಿಟ್ಟು, ಉಪ್ಪಿಲ್ಲ ಅಂದಳು. ಅನ್ನೋ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಂಡಳು. ಏನು ಹೇಳಬೇಕಾದರೂ ಹಾಗೇ ಅವಳು. ಎರಡು ಸಲ ಗಂಟಲು, ಆಮೇಲೆ ತಪ್ಪು ಹುಡುಕೋದು. ಗಂಟಲು ಕೇಳಿಸಿದರೆ ಸಾಕು, ನಾವು ಸೊಸೆಯಂದಿರು ಹಿತ್ತಲಿಗೆ ಓಡುತ್ತಿದ್ದೆವು.”

ಜಯರಾಮನ್ ಏನೋ ಹೇಳಬೇಕೆಂದು ನೆಟ್ಟಗಾದರು. ಗಂಟಲು ಒಂದು ಸಲ ಸರಿಮಾಡಿಕೊಂಡರು. ಎಲ್ಲರೂ ಕಾದರು. ಅವರು ತಡೆಯಲು ನೋಡಿದರು, ಕೆನ್ನೆ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಕಡೆಗೆ ಎರಡನೆಯದೂ ಬಂದೇ ಬಿಟ್ಟಿತು.

ಈಶ್ವರಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದಳು.

“ಕಗ್ಗೊರೆ ನಿಮಗೆ ಅಣ್ಣತಮ್ಮ ಆಗಿದ್ದರೆ ನೀನು ಹುಟ್ಟಿದ್ದೇ ತಪ್ಪು,” ಎಂದಳು ಹಾಲಿ. “ದಾಖಲೆಯಿಂದ ನಿನ್ನನ್ನೂ ತೆಗೆಯಬೇಕಾಗುತ್ತೆ.”

ಹನ್ನೊಂದು ಐವತ್ತೇಳು.

“ಹೆತ್ತೆ,” ಎಂದರು ಜಯರಾಮನ್. ದನಿ ಸಣ್ಣದಾಗಿತ್ತು. “ಇದನ್ನ ಬರೆದುಕೊಡ್ತೀರಾ?”

“ನನಗೆ ಬರೆಯೋಕೆ ಬರಲ್ಲ. ನಿನಗೆ ಬರುತ್ತಲ್ಲ, ಬರೆದುಕೋ.”

ಅವರು ಫೈಲಿನಿಂದ ಬಿಳಿ ಹಾಳೆ ತೆಗೆದು ಬರೆಯಲು ಶುರುಮಾಡಿದರು. ದೊಡ್ಡ ಅಕ್ಷರ, ಪೂರ್ಣವಿರಾಮಕ್ಕೆ ಪೂರ್ತಿ ನಿಲ್ಲುವ ಅಭ್ಯಾಸ. ‘ಶ್ರೀಮತಿ ಕೆಂಪಿ, ಕಗ್ಗೊರೆ ಹಟ್ಟಿಯ ಮಗಳು...’

“ಮಾಮ,” ಎಂದಳು ನಂದಿನಿ. ಮೂರು ದಿನದಿಂದ ತಗ್ಗಿಸಿಟ್ಟುಕೊಂಡ ದನಿ ಅದು. “ನನ್ನ ಕಿರುಬೆರಳು ಎರಡು ಗಂಟೆಯಿಂದ ಈ ಕೀ ಮೇಲಿದೆ. ನೀವು ಆಮೇಲೆ ಬರೀರಿ. ಇವರು ಮೊದಲು ಒತ್ತಲಿ.”

ಜಯರಾಮನ್ ಪೆನ್ ಎತ್ತಿದರು. ತಲೆಯಾಡಿಸಿದರು. ಸುಂದರ್ ಬಲಗಡೆಯ ಪೆಟ್ಟಿಗೆಯಲ್ಲಿ ನೇರಳಟ್ಟಿಯನ್ನು ಹುಡುಕಿದ. ಕೈ ಎಡಗಡೆಗೆ ವಾಲಿತು.

“ಬಲಗಡೆ,” ಎಂದರು ನಾಲ್ಕು ಜನ ಒಟ್ಟಿಗೆ.

ಬಲಗಡೆ ಒತ್ತಿದ. ನೇರಳಟ್ಟಿ ನೀಲಿಯಾಯಿತು; ಉಳಿದ ನಂಟರೂ ನೀಲಿಯಾಗಿಯೇ ಇದ್ದರು. ಉಳಿಸು ಒತ್ತಿದ. ಪುಟ ಬಿಳುಪಾಗಿ, ಯೋಚನೆ ಮಾಡಿ, ಮೇಲ್ಗಡೆ ಹಳದಿ ಪಟ್ಟಿಯೊಂದನ್ನು ತೋರಿಸಿತು. ದಾಖಲೆ ಉಳಿಸಲಾಗಿದೆ. ಅದನ್ನು ನಂದಿನಿ ಎರಡು ಸಲ ಓದಿದಳು. ಮೂರನೇ ಸಲ ಓದುವಾಗ ಕರೆಂಟ್ ಹೋಯಿತು.

ಭಾನುವಾರ ಮದುವೆ ಆಯಿತು. ಜಯರಾಮನ್ ಫೈಲು ತಂದಿದ್ದರು. ಅದರಲ್ಲಿ ಗುರುವಾರ ಸಂಜೆಯ ಪ್ರಿಂಟು, ಅದರ ಹಿಂದೆ ಲಗತ್ತಾಗಿ ಅವರದೇ ಕೈಬರಹದ ಹಾಳೆ, ಕೊನೆಯಲ್ಲಿ ಹಾಲಿ ಹೆತ್ತೆಯ ಹೆಬ್ಬೆಟ್ಟಿನ ಗುರುತು. ಕಗ್ಗೊರೆಯವರು ಯಾರು ಸಿಕ್ಕರೂ ಕೈಹಿಡಿದು ನಿಲ್ಲಿಸಿ, “ನಾನೂ ನಿಮ್ಮ ಹಟ್ಟಿಯ ಹೆಣ್ಣುಮಗಳ ಮೊಮ್ಮಗ,” ಎಂದು ಹಾಳೆ ತೋರಿಸುತ್ತಿದ್ದರು. ತೋರಿಸುವ ಮೊದಲು ಗಂಟಲು ಎರಡು ಸಲ. ಈಗ ಅದನ್ನು ತುಸು ಜೋರಾಗಿಯೇ ಸರಿಮಾಡಿಕೊಳ್ಳುತ್ತಿದ್ದರೆಂದು ನಂದಿನಿಗೆ ಅನಿಸಿತು. ವೆಬ್‌ಸೈಟಿನಲ್ಲಿ ನಡುವಿನ ಪಟ್ಟಿಗೆ ಹೆಸರಿನ ಜಾಗ ಮಾಡಿಕೊಡಬೇಕೆಂದು ಅವರು ಸುಂದರನಿಗೆ ಲಿಖಿತವಾಗಿ ಮನವಿ ಕೊಟ್ಟಿದ್ದರು. ಅವನೂ ಮಾಡಿದ್ದ. ಹದಿನಾಲ್ಕಕ್ಕೂ ಮೂವತ್ತೇಳಕ್ಕೂ ನಡುವೆ ಈಗ ಕೆಂಪಿ ಎಂದಿತ್ತು. ಅದರ ಕೆಳಗಿನ ಸಾಲಿನಲ್ಲಿ ಕವಿತಾ.

ಕವಿತಾ ಮದರಂಗಿಯ ಕೈಯಲ್ಲಿ ಹೆತ್ತೆಯ ಪಾದ ಮುಟ್ಟಿ ಎದ್ದಳು. ನಂದಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಬಲಗೈಯಿಂದ. ಎಡಗೈ ಕಿರುಬೆರಳಿಗೆ ಇನ್ನೂ ಎಣ್ಣೆಬಟ್ಟೆ ಸುತ್ತಿತ್ತು. ಆಗ ಸುಂದರ್ ಎಲೆಯಲ್ಲಿ ಮದುವೆಯ ಸಿಹಿ ತುಪ್ಪದಿಟ್ಟು ಹಾಕಿಸಿಕೊಂಡು ಬಂದು ಪಕ್ಕದಲ್ಲಿ ಕುಳಿತ. ಮುಖದಲ್ಲಿ ಏನನ್ನೋ ಕಂಡುಹಿಡಿದವನ ಕಳೆ.

“ನಂದಿನಿ, ಪುಸ್ತಕದ ಆರನೇ ಅಧ್ಯಾಯ ಓದಿದೆ,” ಎಂದ. “ಕಂಟ್ರೋಲ್ ಕೀ ಇದೆಯಲ್ಲ, ಅದನ್ನ ಹಿಡಿದುಕೊಂಡೇ ಇರಬೇಕು ಅಂತಿಲ್ಲವಂತೆ. ಒತ್ತೋ ಆ ಕ್ಷಣಕ್ಕೆ ಹಿಡಿದರೆ ಸಾಕು. ನಡುವೆ ಬಿಡಬಹುದು. ಟೀ ಕುಡೀಬಹುದು. ಎರಡು ಗಂಟೆ ನೀನು ಸುಮ್ಮನೆ—”

ನಂದಿನಿ ತನ್ನ ಬೆರಳನ್ನು ನೋಡಿದಳು. ಗಂಡನನ್ನು ನೋಡಿದಳು. ಅವನ ಎಲೆಯಿಂದ ತುಪ್ಪದಿಟ್ಟು ಎತ್ತಿ ಬಾಯಿಗಿಟ್ಟುಕೊಂಡಳು. ಮಾತಾಡದಿರಲು ಬಾಯಿಗೆ ಏನಾದರೂ ಬೇಕಿತ್ತು.

ಸುಂದರ್ ಕೆಟ್ಟ ಮನುಷ್ಯನಲ್ಲ ಎಂದು ಆ ದಿನ ಅವಳು ಮೂರು ಸಲ ಹೇಳಿಕೊಂಡಳು.